ಮೊದಲ ಮಾತು ರೊಟ್ಟಿಯೇ ಇರಬೇಕು

ಎಲ್ಲ ಭಾಷೆಗಳ ತಾಯಿ ಯಾವುದು ಅಂತ ಯಾರನ್ನಾದರೂ ಕೇಳಿ ನೋಡಿ. ಬಹಳ ಜನ ತಮ್ಮ ಮನೆಮಾತನ್ನೇ ಹೇಳುತ್ತಾರೆ. ಇದು ಇವತ್ತಿನ ಚಟ ಅಲ್ಲ. ಈಗಿನ ಬೆಲ್ಜಿಯಂನ ಆಂಟ್‌ವರ್ಪ್‌ನಲ್ಲಿ ಗೊರೋಪಿಯಸ್ ಬೆಕಾನಸ್ ಎಂಬ ವೈದ್ಯನಿದ್ದ. ಆದಮ್ ಮತ್ತು ಈವ್ ಮಾತಾಡಿದ್ದು ತನ್ನ ಸೀಮೆಯ ಆಡುಮಾತನ್ನೇ ಅಂತ 1569ರಲ್ಲಿ ದಪ್ಪ ಪುಸ್ತಕವನ್ನೇ ಬರೆದ.

ಅವನಿಗಿಂತ ಈಜಿಪ್ಟಿನ ರಾಜ ಸಮ್ಮೆಟಿಕಸ್ ನನಗೆ ಇಷ್ಟ. ಅವನ ಕಥೆ ಹೇಳಿದವನು ಗ್ರೀಕರ ಇತಿಹಾಸಕಾರ ಹೆರೊಡೋಟಸ್. ಲೋಕದಲ್ಲಿ ಯಾರು ಹಳಬರು ಅಂತ ತಿಳಿಯಲು ರಾಜ ಎರಡು ಹಸುಗೂಸುಗಳನ್ನು ಕುರಿ ಕಾಯುವವನ ಕೈಗೆ ಕೊಟ್ಟ. ಅವುಗಳ ಮುಂದೆ ಯಾರೂ ಪಿಟ್ಟೆನ್ನಬಾರದು. ಹೊತ್ತುಹೊತ್ತಿಗೆ ಆಡುಗಳನ್ನು ಕರೆತಂದು ಹಾಲು ಕುಡಿಸಬೇಕು, ಅಷ್ಟೇ. ಎರಡು ವರ್ಷದ ಮೇಲೆ ಒಂದು ದಿನ ಬಾಗಿಲು ತೆರೆದರೆ, ಎರಡೂ ಮಕ್ಕಳು ಕೈ ಚಾಚಿ 'ಬೆಕೋಸ್' ಅಂದವು. ವಿಚಾರಿಸಿದರೆ ಅದು ಈಗಿನ ಟರ್ಕಿಯಲ್ಲಿದ್ದ ಫ್ರಿಜಿಯಾದವರ ಮಾತು, ಅರ್ಥ ರೊಟ್ಟಿ. ಹಾಗಾದರೆ ನಮಗಿಂತ ಅವರೇ ಹಳಬರು ಅಂತ ಈಜಿಪ್ಟಿನವರು ಒಪ್ಪಿಕೊಂಡರು. ಈ ಹುಡುಕಾಟದಲ್ಲಿ ಹೀಗೆ ಸೋಲು ಒಪ್ಪಿದವರು ತೀರಾ ಕಡಿಮೆ.

ಮಕ್ಕಳು ಆಡಿನ ಬ್ಯಾ ಬ್ಯಾ ಕೇಳಿ ಅದನ್ನೇ ಕಲಿತಿರಬೇಕು ಅಂತ ಆಮೇಲಿನವರು ನಕ್ಕಿದ್ದಾರೆ. ಕಲಬುರಗಿಯವರು ನಗುವುದಿಲ್ಲ. ಮನುಷ್ಯನ ಮೊದಲ ಮಾತು ರೊಟ್ಟಿ ಅಂದರೆ ಇಲ್ಲಿ ಯಾರೂ ಸಾಕ್ಷಿ ಕೇಳಲ್ಲ. ಪಲ್ಯ ಏನಿತ್ತು ಅಂತ ಕೇಳಬಹುದು.

ಅಕ್ಬರ್ ಬಾದಶಹನೂ ಕೂಸುಗಳನ್ನು ಹೀಗೇ ಮಾತಿಲ್ಲದ ಮನೆಯಲ್ಲಿ ಬೆಳೆಸಿದ. 1582ರಲ್ಲಿ ಹೋಗಿ ನೋಡಿದರೆ ಒಂದಕ್ಕೂ ಮಾತು ಬಂದಿರಲಿಲ್ಲ. ಜನ ಅದನ್ನು ಗೂಂಗ್ ಮಹಲ್ ಅಂದರು, ಮೂಕರ ಮಹಲು. ಪಾಪ, ಆ ಮಕ್ಕಳು.

ನಮ್ಮ ಓಣಿಯಲ್ಲಿ ಇಂಥ ಪ್ರಯೋಗ ಒಂದು ಮಧ್ಯಾಹ್ನವೂ ನಡೆಯಲ್ಲ. ಮೂಲೆಮನೆಯ ಕೂಸನ್ನು ಅದರ ಆಯಿ ಕಟ್ಟೆ ಮೇಲೆ ಕೂಡಿಸಿ, "ಬಾ ನನ್ನಪ್ಪಾ, ಇನ್ನೊಂದ್ ತುತ್ತು ಉಣ್ಣು" ಅನ್ನುತ್ತಾಳೆ. ಅದು ಅತ್ತರೆ ಎದುರುಮನೆ ಚಾಚಿ "ಕಾಯ್ಕು ರೋರಾ ಬೇಟಾ?" ಅಂತ ಎತ್ತಿಕೊಳ್ಳುತ್ತಾಳೆ. ಆಳಂದ ಕಡೆಯ ವೈನಿ ಮರಾಠಿಯಲ್ಲಿ ಮುದ್ದು ಮಾಡುತ್ತಾಳೆ. ಸೇಡಂ ಕಡೆಯವರು ಬಂದರೆ ನಡುವೆ ತೆಲುಗೂ ಸೇರುತ್ತದೆ. ಈಗ ಅದಕ್ಕೆ ಮಾತು ಬರುತ್ತಿದೆ. ಬಿಸ್ಕತ್ತು ಬೇಕಾದರೆ ಚಾಚಿ ಮುಂದೆ ಕೈ ಒಡ್ಡಿ "ದೇ" ಅನ್ನುತ್ತದೆ. ಆಯಿ ತುತ್ತು ಹಿಡಿದು ಬಂದರೆ ಮುಖ ತಿರುಗಿಸಿ "ಒಲ್ಲೆ". ಕೇಳುವುದು ಉರ್ದುವಿನಲ್ಲಿ, ಬೇಡ ಅನ್ನುವುದು ಕನ್ನಡದಲ್ಲಿ. ಎಷ್ಟು ಲೆಕ್ಕಾಚಾರ ನೋಡಿ!

ಭಾಷೆಗಳ ವಂಶ ಹುಡುಕುವವರಿಗೆ ನಮ್ಮಂಥ ಊರು ದೊಡ್ಡ ತಲೆನೋವು. ಜಲ್ದಿ, ಬಜಾರ್, ಖಾಲಿ ಇಲ್ಲದೆ ನಮ್ಮ ದಿನ ಸಾಗಲ್ಲ. ಐದು ಸಾವಿರ ವರ್ಷದ ಮೇಲೆ ಯಾರಾದರೂ ಬರೀ ಇವನ್ನು ಹೆಕ್ಕಿ ನೋಡಿದರೆ, ಕನ್ನಡ ಮತ್ತು ಫಾರ್ಸಿ ಒಡಹುಟ್ಟಿದವು ಅಂತ ಷರಾ ಬರೆದಾರು. ಸಾಲ ಯಾವುದು, ಸಂಬಂಧ ಯಾವುದು, ಸುಮ್ನೆ ಕಾಕತಾಳೀಯ ಯಾವುದು ಅಂತ ಬೇರೆ ಮಾಡುವುದೇ ಕಷ್ಟ. ಆಸ್ಟ್ರೇಲಿಯಾದ ಎಂಬಾಬರಮ್ ಭಾಷೆಯಲ್ಲಿ ನಾಯಿಗೆ 'ಡಾಗ್' ಅನ್ನುತ್ತಿದ್ದರು. ಇಂಗ್ಲಿಷಿಗೂ ಅದಕ್ಕೂ ಯಾವ ನಂಟೂ ಇಲ್ಲ!

ಬ್ರಿಟಿಷ್ ನ್ಯಾಯಾಧೀಶ ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯಲ್ಲಿ ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದವು ಅಂದ. 1816ರಲ್ಲಿ ಮದರಾಸಿನ ಬ್ರಿಟಿಷ್ ಅಧಿಕಾರಿ ಎಲ್ಲಿಸ್ ಕನ್ನಡ, ತೆಲುಗು, ತಮಿಳು ಬೇರೆಯೇ ಮನೆತನ ಅಂದ. ಇವೆರಡೂ ನಿಂತವು. ಆದರೆ 1994ರಲ್ಲಿ ಭಾಷಾತಜ್ಞರಾದ ಮೆರಿಟ್ ರೂಲೆನ್ ಮತ್ತು ಜಾನ್ ಬೆಂಗ್ಟ್‌ಸನ್ ಜಗತ್ತಿನ ಎಲ್ಲ ಭಾಷೆಗಳಿಗೂ ಸೇರಿದ ಪದಗಳ ಪಟ್ಟಿ ಕೊಟ್ಟಾಗ ಹೆಚ್ಚಿನ ಪಂಡಿತರು ಒಪ್ಪಲಿಲ್ಲ. ಎಂಟು ಹತ್ತು ಸಾವಿರ ವರ್ಷಕ್ಕಿಂತ ಹಿಂದೆ ಹೋದರೆ ಉಚ್ಚಾರ ಸವೆದು ಗುರುತೇ ಸಿಗಲ್ಲ ಅನ್ನುವುದು ಅವರ ವಾದ. ಮನುಷ್ಯ ಬಾಯಿ ಬಿಟ್ಟದ್ದು ಅದಕ್ಕಿಂತ ಎಷ್ಟೋ ಹಿಂದೆ. ಪ್ಯಾರಿಸ್ಸಿನ ಭಾಷಾ ಸಂಘವಂತೂ ಭಾಷೆಯ ಹುಟ್ಟಿನ ಬಗ್ಗೆ ಪ್ರಬಂಧವನ್ನೇ ತರಬೇಡಿ ಅಂತ 1866ರಲ್ಲೇ ನಿಯಮ ಮಾಡಿತ್ತು. ಮದುವೆ ಮನೆಯಲ್ಲಿ ಆಸ್ತಿ ಪಾಲಿನ ಮಾತು ತೆಗೀಬೇಡಿ ಅಂತ ಹಿರಿಯರು ಗದರಿಸಿದ ಹಾಗೆ. ಸರಿಯಾಗೇ ಮಾಡಿದರು ಅನ್ನಿ.

ಸೇಡಂ ದಾರಿಯಲ್ಲಿ ಮಳಖೇಡ ಇದೆ, ರಾಷ್ಟ್ರಕೂಟರ ರಾಜಧಾನಿ. ಒಂಬತ್ತನೇ ಶತಮಾನದಲ್ಲಿ ಅಲ್ಲಿನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗ ಒಂದು ಕಡೆ ಹೀಗೆ ಗೊಣಗುತ್ತದೆ: ಕನ್ನಡದಲ್ಲೇ ಊರಿಗೊಂದು ಬಗೆ ಇರುವುದರಿಂದ, ಇದರ ತಪ್ಪುಒಪ್ಪು ಹಾವುಗಳ ರಾಜ ವಾಸುಕಿಗೂ ತಿಳಿಯದೆ ಬೇಸರ ಬಂದೀತು. ಆಗಿನ್ನೂ ಈ ಕಡೆಗೆ ದಖನಿ ಉರ್ದು ಬಂದೇ ಇರಲಿಲ್ಲ. ಈಗ ವಾಸುಕಿಯನ್ನು ಕಲಬುರಗಿ ಬಸ್ ಸ್ಟ್ಯಾಂಡಿನಲ್ಲಿ ಅರ್ಧ ಗಂಟೆ ಕೂಡಿಸಿ ನೋಡಬೇಕು.