ಚೌಕಾಬಾರದ ಗೇಮಿಗೆ ನಾನು ಸುರಿದ ದುಡ್ಡು

ಕಳೆದ ವಾರ ವಿದ್ಯಾನಗರದಲ್ಲಿ ಗಿರ್ಮಿಟ್ ತಿನ್ನುತ್ತ ನಿಂತಿದ್ದೆ. ಪರಿಚಯದ ಕಾಲೇಜು ಹುಡುಗನೊಬ್ಬ ಬಂದು ಕೇಳಿದ: "ಅಣ್ಣಾ, ಗೇಮ್ ಮಾಡಾಕ ಯಾವ ಸಾಫ್ಟ್‌ವೇರ್ ತಗೋಬೇಕ್ರಿ?" ಅಪ್ಪನ ಹತ್ತಿರ ಹತ್ತು ಸಾವಿರ ಇಸಕೊಂಡಿದ್ದನಂತೆ. "ಮೊದಲ ಅದನ್ನ ಅಪ್ಪಗ ವಾಪಸ್ ಕೊಡಪಾ" ಅಂದೆ. ಮುಖ ಸಣ್ಣದಾಯಿತು. ಯಾಕೆ ಹಾಗಂದೆ ಅಂತ ಅಲ್ಲಿ ನಿಂತು ಹೇಳಲು ಆಗಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.

ಎರಡು ವರ್ಷದಿಂದ ರಾತ್ರಿ ಕೂತು ಒಂದು ಚೌಕಾಬಾರದ ಗೇಮ್ ಮಾಡುತ್ತಿದ್ದೇನೆ. ಶುರುವಿನಲ್ಲಿ ನನಗೂ ಕೊಳ್ಳುವ ಹುಚ್ಚು. ಸೇಲ್ ಬಂದರೆ ಸಾಕು, ಕಾಡು, ಕೋಟೆ, ಕತ್ತಿ ಹಿಡಿದ ಸೈನಿಕರು ಇರುವ ರೆಡಿಮೇಡ್ ಚಿತ್ರಗಳ ಪ್ಯಾಕ್ ತಗೊಳ್ಳುತ್ತಿದ್ದೆ. ಚೌಕಾಬಾರಕ್ಕೆ ಕತ್ತಿ ಯಾಕೆ ಅಂತ ಕೇಳಬೇಡಿ. ಕೊಂಡ ದಿನ ಏನೋ ಕೆಲಸ ಆಯಿತು ಅನ್ನಿಸುತ್ತಿತ್ತು, ಅಷ್ಟೇ. ಒಂದನ್ನೂ ಬಳಸಿಲ್ಲ.

ಹೊಟ್ಟೆ ಉರಿದದ್ದು ಕನ್ನಡ ಅಕ್ಷರದ ವಿಷಯಕ್ಕೆ. 'ಕಟ್ಟೆ' ಅಂತ ಬರೆದರೆ ಪರದೆ ಮೇಲೆ 'ಕಟ್‌ಟೆ' ಅಂತ ಬರುತ್ತಿತ್ತು. ಸರಿ ಮಾಡುತ್ತೇವೆ ಅನ್ನುವ ಪ್ಲಗಿನ್ (ಮೇಲಿಂದ ಸೇರಿಸುವ ಸಣ್ಣ ಸಾಫ್ಟ್‌ವೇರ್) ಒಂದಕ್ಕೆ ಎರಡು ಸಾವಿರ ಚಿಲ್ಲರೆ ಕೊಟ್ಟೆ. ಒತ್ತು ಬಂತು, ಆದರೆ 'ಹಣ್ಣು' ಬರೆದರೆ ಕೊಂಬು ಹೋಗಿ ಪಕ್ಕದ ಮನೆಯಲ್ಲಿ ಕೂರುತ್ತಿತ್ತು. ಕೊನೆಗೆ ಗೊಡಾಟ್‌ಗೆ ಬಂದೆ. ಪೂರ್ತಿ ಪುಕ್ಕಟೆ ಎಂಜಿನ್, ಅಂದರೆ ಗೇಮ್ ಕಟ್ಟುವ ಸಾಫ್ಟ್‌ವೇರ್. 2023ರಲ್ಲಿ ಬಂದ ಅದರ 4ನೇ ಆವೃತ್ತಿಯ ಒಳಗೇ ಹಾರ್ಫ್‌ಬಜ್ ಅನ್ನುವ ಸಾಫ್ಟ್‌ವೇರ್ ಇದೆ. ಆಂಡ್ರಾಯ್ಡ್, ಫೈರ್‌ಫಾಕ್ಸ್‌ಗಳಲ್ಲಿ ನಮ್ಮ ಒತ್ತಕ್ಷರ ಜೋಡಿಸುವುದೂ ಅದೇ. ಒಂದು ಕನ್ನಡ ಫಾಂಟ್ ಹಾಕಿದೆ, ಕಟ್ಟೆ ಕಟ್ಟೆಯಾಗೇ ಬಂತು. ದುಡ್ಡು ಕೊಟ್ಟಿದ್ದು ಕೈಕೊಟ್ಟಿತು, ಪುಕ್ಕಟೆಯದು ಕೆಲಸ ಮಾಡಿತು.

ಹಾಗಂತ ಬೇರೆ ಎಂಜಿನ್‌ನವರೂ ಬಾಗಿಲಲ್ಲೇ ದುಡ್ಡು ಕೇಳುವುದಿಲ್ಲ. ಅನ್‌ರಿಯಲ್‌ನವರು ಗೇಮ್ 10 ಲಕ್ಷ ಡಾಲರ್ ದುಡಿದ ಮೇಲೆ 5% ಪಾಲು ಕೇಳುತ್ತಾರೆ. ನನ್ನದು 10 ಲಕ್ಷ ರೂಪಾಯಿ ದುಡಿದರೂ ಸಿದ್ಧಾರೂಢ ಮಠಕ್ಕೆ ಹೋಗಿ ಕಾಯಿ ಒಡೆಸುತ್ತೇನೆ, ಬಿಡಿ. ಆದರೆ ಕರಾರು ಬದಲಾಗಬಹುದು, ಅದು ನೆನಪಿರಲಿ. 2023ರಲ್ಲಿ ಯೂನಿಟಿ ಅನ್ನುವ ಇನ್ನೊಂದು ಎಂಜಿನ್‌ನವರು ಇನ್‌ಸ್ಟಾಲ್ ಲೆಕ್ಕದಲ್ಲಿ ಫೀ ಅಂದರು. ಗೇಮ್ ಮಾಡುವವರೆಲ್ಲ ಸಿಟ್ಟಿಗೆದ್ದರು. ಮುಂದಿನ ವರ್ಷ ಅದನ್ನು ಕೈಬಿಟ್ಟರು. ಚಿತ್ರಕ್ಕೆ ಕ್ರಿತಾ, 3ಡಿಗೆ ಬ್ಲೆಂಡರ್, ಅವೂ ಪುಕ್ಕಟೆ.

ಗೇಮ್ ಅಂಗಡಿಗೆ ಇಡಲು ಕೊಡಲೇಬೇಕಾದ ದುಡ್ಡು ಸಂತೆಯ ಜಕಾತಿ ಇದ್ದಂತೆ. ಗೂಗಲ್ ಪ್ಲೇಗೆ ಒಮ್ಮೆ 25 ಡಾಲರ್. ಕಂಪ್ಯೂಟರ್ ಗೇಮ್ ಮಾರುವ ಸ್ಟೀಮ್‌ಗೆ ಒಂದೊಂದು ಗೇಮಿಗೂ 100. ಆಪಲ್‌ಗೆ ವರ್ಷಕ್ಕೆ 99. ಮಾಲು ರೆಡಿ ಆಗುವ ಮುಂಚೆ ಜಕಾತಿ ಯಾರು ಕಟ್ಟುತ್ತಾರೆ? ಗೂಗಲ್ ಪ್ಲೇನಲ್ಲಿ ಹೊಸಬರು 12 ಜನರ ಕೈಲಿ 14 ದಿನ ಬಿಡದೆ ಟೆಸ್ಟ್ ಮಾಡಿಸಬೇಕು. ನನಗೆ 25 ಡಾಲರ್‌ಗಿಂತ ಆ 12 ಜನ ಸಿಗುವುದೇ ಕಷ್ಟವಾಯಿತು. ಅತ್ತೆ, ಭಾವ, ಆಫೀಸಿನ ವಾಚ್‌ಮನ್ ಎಲ್ಲರ ಫೋನಿಗೂ ಹಾಕಿದೆ.

ಖುಷಿಯಿಂದ ಕೊಟ್ಟದ್ದು ಒಂದೇ ಸಲ. ಧಾರವಾಡದಲ್ಲಿ ತಬಲಾ ಕಲಿಯುತ್ತಿರುವ ಹುಡುಗನೊಬ್ಬನಿಗೆ 4,000. ಕಾಯಿ ಕಡಿದಾಗ ಒಂದು ತುಂಡು, ಹಣ್ಣಾದಾಗ ಒಂದು ತುಂಡು ಬಾರಿಸಿ ಕೊಟ್ಟ. ಕವಡೆ ಸಪ್ಪಳ ಮಾತ್ರ ನಮ್ಮ ಅಜ್ಜಿಯದೇ. ಫರಸಿ ಮೇಲೆ ಎಸೆದಳು, ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಂಡೆ.

ಆ ಹುಡುಗ ಇದನ್ನು ಓದುತ್ತಿದ್ದರೆ ಒಂದು ಮಾತು: ನಿನ್ನ ಲ್ಯಾಪ್‌ಟಾಪ್ 4 ಜಿಬಿ ಅಂದಿದ್ದೆ ಅಲ್ವಾ? ದುಡ್ಡು ಇನ್ನೂ ವಾಪಸ್ ಕೊಟ್ಟಿಲ್ಲ ಅಂದರೆ ಅಪ್ಪನಿಗೆ ಹೇಳಿ ಅದಕ್ಕೊಂದು ರ‍್ಯಾಮ್ ಹಾಕಿಸು.