ಗಡಿ ಸಾಹೇಬರ ಮೂರು ಪ್ರಶ್ನೆ

ಯಾಕೆ ಬಂದ್ರಿ? ಎಷ್ಟು ದಿನ ಇರ್ತೀರಿ? ವಾಪಸ್ ಯಾವಾಗ? ನೆಂಟರ ಮನೆಯಲ್ಲಿ ಹೀಗೆ ಕೇಳಿದರೆ ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಡುತ್ತೇವೆ. ಅದೇ ಮಾತು ಗಡಿಯ ಗಾಜಿನ ಕಿಟಕಿಯ ಹಿಂದಿನಿಂದ ಬಂದರೆ ಮಾತ್ರ ಹಲ್ಲು ಕಿರಿದು, 'ಸಾರ್' ಸೇರಿಸಿ ಉತ್ತರ ಕೊಡುತ್ತೇವೆ.

ನಿಜ ಹೇಳಿದರೆ ಸಾಕಲ್ವಾ ಅನ್ನುವವರು ಗಡಿ ದಾಟಿದವರಲ್ಲ. ಊರು ನೋಡೋಕೆ ಬಂದೆ ಅಂದರೆ, "ಇಲ್ಲೇನಿದೆ ನೋಡೋಕೆ?" ಎಂದು ಹುಬ್ಬೇರಿಸುತ್ತಾರೆ. ತಾವು ಕಾಯುತ್ತಿರುವ ದೇಶದ ಬಗ್ಗೆ ಅವರ ಅಭಿಮಾನ ಅಷ್ಟು. ಕೈಯಲ್ಲಿ ದುಡ್ಡು ಜಾಸ್ತಿ ಇದ್ದರೆ ಎಲ್ಲಿಂದ ಬಂತು? ಕಡಿಮೆ ಇದ್ದರೆ ಇವನು ಇಲ್ಲೇ ಕೂಲಿಗೆ ನಿಲ್ಲುತ್ತಾನೆ. ಥಟ್ಟನೆ ಉತ್ತರಿಸಿದರೆ ಬಾಯಿಪಾಠ, ಯೋಚಿಸಿ ಉತ್ತರಿಸಿದರೆ ಸುಳ್ಳು.

ಆಮೇಲೆ ಫೋಟೋ. ಪಾಸ್‌ಪೋರ್ಟ್ ಫೋಟೋದಲ್ಲಿ ಹಲ್ಲು ಬಿಟ್ಟು ನಗುವ ಹಾಗಿಲ್ಲ, ಬಾಯಿ ಮುಚ್ಚಿರಬೇಕು. ಆ ಕಳ್ಳನ ಮುಖವನ್ನೇ ಎದುರಿಗಿಟ್ಟುಕೊಂಡು ಸಾಹೇಬರು ನಿಮ್ಮನ್ನು ಅನುಮಾನಿಸುತ್ತಾರೆ. ರಾತ್ರಿಯಿಡೀ ಬಸ್ಸಿನಲ್ಲಿ ನಿದ್ದೆಗೆಟ್ಟು ಬಂದವರಿಗೆ ತೊಂದರೆಯಿಲ್ಲ. ಅಷ್ಟು ಹೊತ್ತಿಗೆ ಮುಖ ಫೋಟೋಗೆ ಸರಿಯಾಗಿ ಹೊಂದಿಕೊಂಡಿರುತ್ತದೆ.

1920ರಲ್ಲಿ, ವಿಶ್ವಸಂಸ್ಥೆಗೂ ಮುಂಚಿನ ರಾಷ್ಟ್ರಸಂಘದವರು ಪ್ಯಾರಿಸ್‌ನಲ್ಲಿ ಸಭೆ ಸೇರಿ ಪಾಸ್‌ಪೋರ್ಟ್‌ಗೆ 32 ಪುಟದ ಒಂದೇ ಮಾದರಿ ಗೊತ್ತುಮಾಡಿದರು. ಮುಂದೆ ಇದೆಲ್ಲ ಬೇಡವಾಗುವ ಕಾಲ ಬರಲಿ ಅಂತ ಅದೇ ಸಭೆಯಲ್ಲಿ ಆಸೆಪಟ್ಟರು! ಪಾಪ, ಒಳ್ಳೆಯವರು. ಸಾಲು ಇನ್ನೂ ಕರಗಿಲ್ಲ.

ಗಡಿಯವರ ತರ್ಕ ಪೂರ್ತಿ ಅರಳಿದ್ದು ಪಶ್ಚಿಮ ಬಂಗಾಳದ ಕೂಚ್ ಬಿಹಾರದ ಛಿಟ್‌ಮಹಲ್‌ಗಳಲ್ಲಿ. ಭಾರತದ 111 ತುಂಡು ನೆಲ ಬಾಂಗ್ಲಾದೇಶದೊಳಗೆ, ಅವರ 51 ತುಂಡು ನಮ್ಮೊಳಗೆ ಇದ್ದವು. ದಹಲಾ ಖಾಗ್ರಾಬಾರಿ ಎಂಬ ತುಂಡಂತೂ ಭಾರತದ ಹೊಲವಾಗಿತ್ತು. ಅದರ ಸುತ್ತ ಬಾಂಗ್ಲಾ, ಅದರ ಸುತ್ತ ಭಾರತ, ಅದರ ಸುತ್ತ ಮತ್ತೆ ಬಾಂಗ್ಲಾ. ಛಿಟ್‌ಮಹಲ್‌ನವರು ತಮ್ಮದೇ ದೇಶಕ್ಕೆ ಹೋಗಲು ಪರದೇಶ ದಾಟಬೇಕಿತ್ತು. ದಾಟಲು ಪಾಸ್‌ಪೋರ್ಟ್, ವೀಸಾ ಬೇಕಿತ್ತು. ಪಾಸ್‌ಪೋರ್ಟ್ ಕೊಡುವ ಕಚೇರಿ ಎಲ್ಲಿತ್ತು? ತಮ್ಮ ದೇಶದಲ್ಲಿ, ಗಡಿಯಾಚೆ. ಅಂದರೆ ಕಾನೂನಿನ ಪ್ರಕಾರ ಗಡಿ ದಾಟಬೇಕಾದರೆ ಮೊದಲು ಒಂದು ಸಲ ಕಳ್ಳದಾರಿಯಲ್ಲಿ ದಾಟಲೇಬೇಕಿತ್ತು. ಎರಡೂ ದೇಶಗಳು ತುಂಡು ಅದಲುಬದಲು ಮಾಡಿಕೊಂಡಿದ್ದು 2015ರಲ್ಲಿ. ಅಲ್ಲಿಯವರೆಗೆ ಮನೆಯಲ್ಲಿ ಕೂತವನು ಭಾರತೀಯ, ಅಂಗಳ ದಾಟಿದರೆ ನುಸುಳುಕೋರ.

ಬೆಲ್ಜಿಯಂ ಮತ್ತು ನೆದರ್‌ಲೆಂಡ್ಸ್ ನಡುವಿನ ಬಾರ್ಲೆಯಲ್ಲೂ ಗಡಿ ಮನೆಗಳ ಮಧ್ಯೆಯೇ ಹಾದುಹೋಗುತ್ತದೆ. ಮುಂಬಾಗಿಲು ಯಾವ ದೇಶದಲ್ಲಿದೆಯೋ ಮನೆ ಆ ದೇಶದ್ದು ಅನ್ನುವುದು ಅಲ್ಲಿನ ರೂಢಿ. ಅಡುಗೆಮನೆಯಿಂದ ಹಾಲ್‌ಗೆ ಬಂದರೆ ಸೀಲು ಒತ್ತುವವರಿಲ್ಲ. ನಮ್ಮ ಸಾಹೇಬರನ್ನು ಅಲ್ಲಿಗೆ ವರ್ಗ ಮಾಡಿದರೆ ಸೋಫಾ ಪಕ್ಕ ಒಂದು ಕೌಂಟರ್ ಗ್ಯಾರಂಟಿ. "ಅಡುಗೆಮನೆಗೆ ಯಾಕೆ ಹೋಗಿದ್ರಿ? ಅಲ್ಲಿಂದ ಏನು ತಂದ್ರಿ?"

ಇಷ್ಟೆಲ್ಲ ರಗಳೆಯೇ ಬೇಡ ಅನ್ನುವವರಿಗೆ ಬೀರ್ ತವೀಲ್ ಇದೆ. ಈಜಿಪ್ಟ್ ಮತ್ತು ಸುಡಾನ್ ನಡುವಿನ ಸುಮಾರು 2,060 ಚದರ ಕಿಲೋಮೀಟರ್ ಮರಳುಗಾಡು. ಇದು ನಮ್ಮದು ಅಂತ ಎರಡೂ ದೇಶಗಳು ಹೇಳುವುದಿಲ್ಲ. ಅಲ್ಲಿನ ಸರ್ಕಾರದ ಹೆಸರಿನಲ್ಲಿ ವೀಸಾ ಕೇಳುವವರಿಲ್ಲ, ಸೀಲಿಲ್ಲ, ಮೂರು ಪ್ರಶ್ನೆಗಳೂ ಇಲ್ಲ. ಒಂದೇ ಕಿರಿಕಿರಿ. ಅಲ್ಲಿಗೆ ಸಮುದ್ರದ ದಾರಿಯಿಲ್ಲ. ಈಜಿಪ್ಟ್‌ನವರ ಕಿಟಕಿ, ಇಲ್ಲವೇ ಸುಡಾನ್‌ನವರ ಕಿಟಕಿ ದಾಟಿಯೇ ಹೋಗಬೇಕು. ಅಲ್ಲಿ ಕೂತ ಸಾಹೇಬರು ಕೇಳಿಯೇ ಕೇಳುತ್ತಾರೆ, "ಆ ಮರಳುಗಾಡಲ್ಲಿ ಏನಿದೆ ನೋಡೋಕೆ?"