ಗಡ್ಡದ ಮೇಲೆ ಹನ್ನೊಂದು ದೋಸೆ

ಮುಂದಿನ ಭಾನುವಾರ ಅಮೆರಿಕದಲ್ಲಿ ಇಬ್ಬರು ಜಟ್ಟಿಗಳು ಎಂಟು ಮೂಲೆಯ ಜಾಲರಿ ಪಂಜರದೊಳಗೆ ಬಡಿದಾಡುತ್ತಾರೆ. ಯಾರು ಗೆಲ್ಲುತ್ತಾರೆ ಅಂತ ಆ ಇಬ್ಬರಿಗೂ ಇನ್ನೂ ಗೊತ್ತಿಲ್ಲ. ಅವರ ಕೋಚುಗಳಿಗೂ ಗೊತ್ತಿಲ್ಲ. ದಾವಣಗೆರೆಯಲ್ಲಿ ನಾವು ದೋಸೆ ತಿನ್ನೋ ಹೋಟೆಲಿನ ಮೂಲೆ ಟೇಬಲ್ಲಿಗೆ ಮಾತ್ರ ಗೊತ್ತಾಗಿ ಹದಿನೈದು ದಿನ ಆಯ್ತು.

ಎಂಎಂಎ, ಅಂದರೆ ಮಿಕ್ಸೆಡ್ ಮಾರ್ಷಲ್ ಆರ್ಟ್ಸ್ ನೋಡದವರಿಗೆ ಎರಡು ಮಾತು ಹೇಳಿಬಿಡ್ತೀನಿ. ಬಾಕ್ಸಿಂಗು, ಕುಸ್ತಿ, ಜೂಡೋ, ಜುಜುತ್ಸು, ಥಾಯ್ಲೆಂಡಿನವರ ಮೊಣಕಾಲೇಟು ಎಲ್ಲ ಸೇರಿಸಿ ಕಲಸಿದ ಖಾರ ಮಂಡಕ್ಕಿ ಅದು. ಒಂದು ರೌಂಡಿಗೆ 5 ನಿಮಿಷ. ಸಾಮಾನ್ಯವಾಗಿ 3 ರೌಂಡು, ಪಟ್ಟದ ಫೈಟಾದರೆ 5. ಈ ಫೈಟು ನಡೆಸೋ ದೊಡ್ಡ ಕಂಪನಿ ಯುಎಫ್‌ಸಿ, ಅದರ ಮೊದಲ ಪಂದ್ಯಾವಳಿ ನಡೆದಿದ್ದು 1993ರ ನವೆಂಬರಿನಲ್ಲಿ, ಡೆನ್ವರ್ ಊರಲ್ಲಿ. ಅವತ್ತು ದೈತ್ಯರ ಮಧ್ಯೆ ಗೆದ್ದು ಬಂದವನು ರಾಯ್ಸ್ ಗ್ರೇಸಿ ಅನ್ನೋ ಬ್ರೆಜಿಲ್ಲಿನ ತೆಳ್ಳಗಿನ ಆಸಾಮಿ. ಅಂದರೆ ಭವಿಷ್ಯ ಹೇಳೋರಿಗೆ ಮೊದಲ ದಿನವೇ ಮಂಗಳಾರತಿ ಆಗಿತ್ತು. ಅಲ್ಲಿಂದ ಇಲ್ಲಿವರೆಗೆ ಒಬ್ಬರಾದರೂ ಸುಧಾರಿಸಿದ್ದರೆ ಕೇಳಿ.

ಅಲ್ಲಿ ಶನಿವಾರ ರಾತ್ರಿ ನಡೆಯೋ ಫೈಟು ನಮಗೆ ಭಾನುವಾರ ಬೆಳಗ್ಗೆ ಬೀಳುತ್ತದೆ, ಸರಿಯಾಗಿ ಬೆಣ್ಣೆ ದೋಸೆ ಹೊತ್ತಿಗೆ. ಚಟ್ನಿ ಬಕೆಟ್ಟಿಗೆ ಮೊಬೈಲು ಒರಗಿಸಿಟ್ಟುಕೊಂಡು ನೋಡ್ತೀವಿ. ಫೈಟರುಗಳ ಹೆಸರು ನಮ್ಮಲ್ಲಿ ಯಾರ ನಾಲಿಗೆಗೂ ಹೊರಳೋದಿಲ್ಲ. ಹಾಗಾಗಿ ಒಬ್ಬನಿಗೆ ಗಡ್ಡದೋನು ಅಂತಲೂ ಇನ್ನೊಬ್ಬನಿಗೆ ಹಚ್ಚೆಯೋನು ಅಂತಲೂ ಹೆಸರಿಟ್ಟಿದ್ದೀವಿ. ಅವರ ಅಪ್ಪ ಅಮ್ಮ ಇಟ್ಟ ಹೆಸರು ಹೇಳೋಕೆ ಬರದಿದ್ದರೂ ಯಾವ ರೌಂಡಿನ ಯಾವ ನಿಮಿಷದಲ್ಲಿ ಬೀಳ್ತಾರೆ ಅಂತ ಹೇಳೋಕೆ ಬರುತ್ತೆ. ಅಶೋಕ ರಸ್ತೆಯ ರೈಲ್ವೆ ಗೇಟು ಯಾವಾಗ ತೆಗೀತಾರೆ ಅಂತ ಒಂದು ದಿನವೂ ಅಂದಾಜು ಸಿಗದೆ ಬಿಸಿಲಲ್ಲಿ ನಿಂತು ಬೆಳೆದ ಜನ ನಾವು, ಭದ್ರಾ ನಾಲೆ ನೀರು ಕೊನೆ ಭಾಗದ ಗದ್ದೆಗೆ ಯಾವತ್ತು ಮುಟ್ಟುತ್ತೆ ಅಂದರೆ ಆಕಾಶ ನೋಡೋ ಜನ, ಆದರೆ ಏಳು ಸಮುದ್ರದಾಚೆಯ ಗಡ್ಡದ ವಿಷಯದಲ್ಲಿ ನಮಗೆ ಒಂದು ಚೂರೂ ಅನುಮಾನ ಇಲ್ಲ.

ಟೇಬಲ್ಲಿನಲ್ಲಿ ದೊಡ್ಡವರು ಅಡಿಕೆ ಮಂಡಿ ಸಾವ್ಕಾರ್ರು. ಅಡಿಕೆ ರೇಟು ಏರುತ್ತೆ ಅಂತ ಅವರು ಹೇಳಿದಾಗಲೆಲ್ಲ ನಮ್ಮ ಚನ್ನಗಿರಿ ನೆಂಟರು ಅಡಿಕೆ ಮಾರಿಬಿಡ್ತಾರೆ, ಅಷ್ಟು ನಂಬಿಕೆ. "ನೋಡಪ್ಪಾ, ಗಡ್ಡದೋನೇ ಗೆಲ್ಲೋದು, ಬೇಕಾದ್ರೆ ಬರ್ಕಾ" ಅಂತ ಶುರು ಮಾಡ್ತಾರೆ. ಯಾಕೆ ಅಂದರೆ, "ನೆಲಕ್ಕೆ ಕೆಡವಿದ ಅಂದ್ರೆ ಮುಗೀತು." ಕೆಡವದಿದ್ದರೆ? "ಕೆಡವಲಿಲ್ಲ ಅಂದ್ರೆ ಹಚ್ಚೆಯೋನು." ಇದಕ್ಕೆ ಟೇಬಲ್ಲೆಲ್ಲ ತಲೆ ಆಡಿಸುತ್ತೆ. ಮಳೆ ಬಂದರೆ ಒದ್ದೆ, ಬರದಿದ್ದರೆ ಒಣ, ಇಷ್ಟೇ ಅಲ್ವಾ ಅವರು ಹೇಳಿದ್ದು? ಆದರೆ ಹೇಳೋ ಠೀವಿ ನೋಡಬೇಕು ನೀವು.

ಎರಡನೆಯವರು ಜಿಮ್ ಸರ್. ಅವರದು ವಿಜ್ಞಾನ. ಕೈ ಎಷ್ಟು ಉದ್ದ, ಎಡಗೈಯವನಾ ಬಲಗೈಯವನಾ, ಉಸಿರು ಎಷ್ಟು ರೌಂಡಿಗೆ ಬರುತ್ತೆ, ಎಲ್ಲ ಲೆಕ್ಕ ಇದೆ. ಹೋದ ವಾರ ತೂಕ ಇಳಿಸೋದರ ಬಗ್ಗೆ ಅರ್ಧ ಗಂಟೆ ಮಾತಾಡಿದರು. ಲೈಟ್‌ವೇಟ್ ಅಂದರೆ 155 ಪೌಂಡು, ಅಂದರೆ 70 ಕೆಜಿ ಚಿಲ್ಲರೆ. ತೂಕ ನೋಡೋದು ಫೈಟಿನ ಹಿಂದಿನ ದಿನ. ಅದಕ್ಕೆ ಮುಂಚೆ ಫೈಟರುಗಳು ಊಟ ಬಿಟ್ಟು, ನೀರು ಬಿಟ್ಟು, ಬಿಸಿನೀರಿನ ತೊಟ್ಟಿಯಲ್ಲಿ ಕೂತು ಬೆವರು ಹರಿಸಿ ಮೈ ಒಣಗಿಸ್ತಾರೆ, ತಕ್ಕಡಿ ಇಳಿದ ಮೇಲೆ ಮತ್ತೆ ಕುಡಿದು ತಿಂದು ತುಂಬಿಸ್ಕೊಳ್ತಾರೆ. ಎಲ್ಲ ನಿಜವೇ. ಇದನ್ನ ಹೇಳೋವಾಗ ಸರ್ ಎರಡು ಓಪನ್ ದೋಸೆ ಮುಗಿಸಿದ್ದರು. ಮೂರನೇದು ಬಂತು. ಮೇಲೆ ನಿಂಬೆಹಣ್ಣಿನ ಗಾತ್ರದ ಬೆಣ್ಣೆ ಮುದ್ದೆ, ಅಂಚಿಂದ ಕರಗಿ ಬಾಳೆ ಎಲೆಗೆ ಇಳೀತಾ ಇತ್ತು. ಅದನ್ನ ಒಂದು ಕ್ಷಣ ಬೇಜಾರಲ್ಲಿ ನೋಡಿ, "ಬೆಣ್ಣೆ ಸ್ವಲ್ಪ ಹಾಕ್ರೀ, ಕಾಣ್ತಾನೇ ಇಲ್ಲ" ಅಂತ ಕೂಗಿದರು. ಆಮೇಲೆ ನಮ್ಮ ಕಡೆ ತಿರುಗಿ, "ಡಿಸಿಪ್ಲಿನ್ ಕಣ್ರೀ. ಹಚ್ಚೆಯೋನಿಗೆ ಡಿಸಿಪ್ಲಿನ್ ಇಲ್ಲ" ಅಂದರು.

ಮೂರನೆಯವರು ರಿಟೈರಾದ ಗಣಿತದ ಮೇಷ್ಟ್ರು. ಅವರ ಸೂತ್ರ ಸರಳ. ಇವನು ಅವನನ್ನ ಸೋಲಿಸಿದ್ದಾನೆ, ಅವನು ಮತ್ತೊಬ್ಬನನ್ನ ಸೋಲಿಸಿದ್ದಾನೆ, ಆದ್ದರಿಂದ ಇವನು ಮತ್ತೊಬ್ಬನನ್ನೂ ಸೋಲಿಸ್ತಾನೆ. ನಾನು ಒಂದು ಸಲ ಬಾಯಿ ಬಿಟ್ಟೆ. ಮೇಷ್ಟ್ರೇ, ರೊಂಡಾ ರೌಸಿ 2012ರಲ್ಲೂ 2013ರಲ್ಲೂ ಮೀಶಾ ಟೇಟ್‌ಳನ್ನ ಸೋಲಿಸಿದಳು. ಆಮೇಲೆ 2015ರ ನವೆಂಬರಿನಲ್ಲಿ ಹಾಲಿ ಹೋಮ್ ಅನ್ನೋಳು ಅದೇ ರೌಸಿಯ ಕತ್ತಿಗೆ ಒದ್ದು ಮಲಗಿಸಿದಳು. ನಾಲ್ಕು ತಿಂಗಳಿಗೆ, 2016ರ ಮಾರ್ಚಿನಲ್ಲಿ, ರೌಸಿ ಕೈಲಿ ಎರಡು ಸಲ ಸೋತಿದ್ದ ಟೇಟ್ ಬಂದು ಹೋಮ್‌ಳ ಕತ್ತು ಹಿಸುಕಿ ಪಟ್ಟ ಕಿತ್ತುಕೊಂಡಳು. ಈಗ ಮೂವರಲ್ಲಿ ಯಾರು ದೊಡ್ಡವರು, ನಿಮ್ಮ ಸೂತ್ರದಲ್ಲಿ ಹಾಕಿ ಹೇಳಿ ಅಂದೆ. ಮೇಷ್ಟ್ರು ಟಿಶ್ಯೂ ಪೇಪರಿನ ಮೇಲೆ ಬರೆದರು, ಹೊಡೆದು ಹಾಕಿದರು, ಮತ್ತೆ ಬರೆದರು. ಗಾಣದ ಎತ್ತು ಸುತ್ತಿದ ಹಾಗೆ ಲೆಕ್ಕ ಸುತ್ತುತ್ತಾ ಹೋಯ್ತು. ಕೊನೆಗೆ ಅದೇ ಪೇಪರಲ್ಲಿ ಕೈ ಒರೆಸಿಕೊಂಡು, "ಹೆಂಗಸರ ವಿಷಯ ಬೇರೆ ಬಿಡಪ್ಪಾ" ಅಂದರು. ಗಣಿತಕ್ಕೂ ಗಂಡು ಹೆಣ್ಣು ಇದೆ ಅಂತ ನನಗೆ ಗೊತ್ತಾಗಿದ್ದು ಅವತ್ತೇ.

ನಮ್ಮ ಟೇಬಲ್ಲಿನ ಅಸಲಿ ಪ್ರತಿಭೆ ಮೊಬೈಲ್ ಅಂಗಡಿ ಹುಡುಗ. ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟಗಳಿಗೆ 2025ರ ಆಗಸ್ಟಿನಲ್ಲಿ ಸಂಸತ್ತು ಕಾನೂನು ಮಾಡಿ ಬೀಗ ಹಾಕಿತಲ್ಲ, ಆಗ ಅವನು ಎರಡು ದಿನ ಊಟ ಬಿಟ್ಟಿದ್ದ. ಮೂರನೇ ದಿನಕ್ಕೆ "ಪಕ್ಕಾ ಟಿಪ್ಸ್" ಅಂತ ವಾಟ್ಸಾಪ್ ಗ್ರೂಪು ಶುರು ಮಾಡಿದ. ದುಡ್ಡಿನ ಮಾತೇ ಇಲ್ಲ. ಭವಿಷ್ಯ ನಿಜವಾದರೆ ಒಂದು ಬೆಣ್ಣೆ ಮಸಾಲೆ ಕೊಡಿಸಬೇಕು, ಅಷ್ಟೇ. ನಾಲ್ಕು ಫೈಟು ಸತತವಾಗಿ ಅವನು ಹೇಳಿದ ಹಾಗೇ ಆಯ್ತು. ಊರಲ್ಲಿ ಹೆಸರಾಯ್ತು. ಸಾವ್ಕಾರ್ರೇ ಅವನಿಗೆ ಕುರ್ಚಿ ಸರಿಸಿ ಕೊಡೋಕೆ ಶುರು ಮಾಡಿದರು. ನನಗೂ ಭಕ್ತಿ ಬಂತು, ಸುಳ್ಳು ಯಾಕೆ ಹೇಳಲಿ.

ಆದರೆ ನನ್ನ ಹತ್ತಿರ ಎರಡು ಸಿಮ್ ಇದೆ ಅನ್ನೋದು ಅವನಿಗೆ ನೆನಪಿರಲಿಲ್ಲ. ಒಂದು ಮನೆ ನಂಬರು, ಒಂದು ಅಂಗಡಿ ನಂಬರು. ಒಂದು ಶನಿವಾರ ರಾತ್ರಿ ಮನೆ ನಂಬರಿಗೆ "ಕೆಂಪು ಮೂಲೆಯವನು, ನೂರಕ್ಕೆ ನೂರು" ಅಂತ ಬಂತು. ಎರಡು ನಿಮಿಷಕ್ಕೆ ಅಂಗಡಿ ನಂಬರಿಗೆ "ನೀಲಿ ಮೂಲೆಯವನು, ನೂರಕ್ಕೆ ನೂರು" ಅಂತ ಬಂತು. ಎರಡೂ ಗ್ರೂಪಿನ ಹೆಸರು ಒಂದೇ, ಎರಡಕ್ಕೂ ಅದೇ ಆಂಜನೇಯನ ಫೋಟೋ. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಒಂದು ಗ್ರೂಪು ಮಾಯ. ಉಳಿದ ಗ್ರೂಪನ್ನ ಸೋಮವಾರ ಮತ್ತೆ ಎರಡು ಮಾಡಿ, ಹೊಸಬರನ್ನ ತುಂಬಿದ. ಅಂದರೆ ಈ ಊರಲ್ಲಿ ಅವನ ಭವಿಷ್ಯ ಒಮ್ಮೆಯೂ ತಪ್ಪದ ನಾಲ್ಕಾರು ಜನ ಯಾವಾಗಲೂ ಇರ್ತಾರೆ, ಅವರೇ ಎದೆ ತಟ್ಟಿಕೊಂಡು ಪ್ರಚಾರ ಮಾಡ್ತಾರೆ. ನಾನು ಹೋಗಿ ಕೇಳಿದೆ. ಒಂಚೂರೂ ಮುಖ ಕೆಂಪಾಗಲಿಲ್ಲ. "ಅಣಾ, ಟಿವಿಯಲ್ಲಿ ಎಲೆಕ್ಷನ್ ರಿಸಲ್ಟು ಹೇಳೋರು ಗ್ರೂಪ್ ಡಿಲೀಟ್ ಕೂಡ ಮಾಡಲ್ಲ, ಮಾರನೇ ದಿನ ಅದೇ ಕೋಟು ಹಾಕ್ಕಂಡು ಬರ್ತಾರೆ" ಅಂದ. ನನ್ನ ಬಾಯಿ ಕಟ್ಟಿತು. ಒಂದು ದೋಸೆಯನ್ನೂ ಅವನೇ ಕೊಡಿಸಿದ, ಅದು ಬೇರೆ ವಿಷಯ.

ಇವರೆಲ್ಲರ ಪೂರ್ವಜ ಐರ್ಲೆಂಡಿನ ಫೈಟರು ಕಾನರ್ ಮೆಕ್‌ಗ್ರೆಗರ್ ಅಂತ ನನ್ನ ಅಭಿಪ್ರಾಯ. 2015ರ ಡಿಸೆಂಬರಿನಲ್ಲಿ ಜೋಸೆ ಆಲ್ಡೋನನ್ನ ಮೊದಲ ರೌಂಡಿನಲ್ಲೇ ಮಲಗಿಸ್ತೀನಿ ಅಂತ ಮೊದಲೇ ಹೇಳಿದ್ದ. ಆಲ್ಡೋ ಹತ್ತು ವರ್ಷದಿಂದ ಸೋತವನಲ್ಲ. ಅವತ್ತು ಕಾವಲಿ ಮೇಲೆ ಹಿಟ್ಟು ಹುಯ್ದ ಸದ್ದು ಕೇಳಿ ನಾನು ಆ ಕಡೆ ತಿರುಗಿದ್ದಷ್ಟೇ. ವಾಪಸ್ ನೋಡಿದರೆ ಆಲ್ಡೋ ನೆಲದಲ್ಲಿದ್ದ. 13 ಸೆಕೆಂಡು. ದೋಸೆ ಇನ್ನೂ ತೂತು ಬಿದ್ದಿರಲಿಲ್ಲ. ಅಲ್ಲಿಂದ ಅವನಿಗೆ ದಿವ್ಯದೃಷ್ಟಿ ಇದೆ ಅಂತ ಜಗತ್ತೆಲ್ಲ ನಂಬಿತು. ಮೂರೇ ತಿಂಗಳಿಗೆ ನೇಟ್ ಡಿಯಾಜ್ ಎರಡನೇ ರೌಂಡಿನಲ್ಲಿ ಅವನ ಕತ್ತಿಗೆ ಕೈ ಸುತ್ತಿದಾಗ ದಿವ್ಯದೃಷ್ಟಿ ಎಲ್ಲಿಗೆ ಹೋಗಿತ್ತೋ.

ಇನ್ನೂ ಒಂದು ಇದೆ. 2013ರ ಕೊನೆಯಲ್ಲಿ ಆಂಡರ್ಸನ್ ಸಿಲ್ವಾ ಕ್ರಿಸ್ ವೈಡ್‌ಮನ್‌ಗೆ ಒದೆಯೋಕೆ ಹೋಗಿ ತನ್ನದೇ ಕಾಲು ಮುರ್ಕೊಂಡ. 2021ರ ಏಪ್ರಿಲಿನಲ್ಲಿ ಅದೇ ವೈಡ್‌ಮನ್ ಯುರೈಯಾ ಹಾಲ್‌ಗೆ ಒದೆಯೋಕೆ ಹೋಗಿ, ಹಾಗೇ, ಅದೇ ರೀತಿ ತನ್ನ ಕಾಲು ಮುರ್ಕೊಂಡ. ಹಾಲ್ ಒಂದೇ ಒಂದು ಏಟು ಹೊಡೆಯದೆ ಗೆದ್ದ. ಇದನ್ನ ಯಾವ ಪಂಡಿತನೂ ಹೇಳಿರಲಿಲ್ಲ. ನಮ್ಮ ಸಾವ್ಕಾರ್ರು ಮಾತ್ರ, "ನನಗೆ ಅನಿಸಿತ್ತು, ಬಾಯಿಬಿಟ್ಟು ಹೇಳಲಿಲ್ಲ ಅಷ್ಟೇ" ಅಂದರು.

ಫೈಟೇ ನಡೆಯದಿದ್ದರೂ ಭವಿಷ್ಯಕ್ಕೆ ತೊಂದರೆ ಇಲ್ಲ. ರಷ್ಯಾದ ಖಬೀಬ್ ಮತ್ತು ಅಮೆರಿಕದ ಟೋನಿ ಫರ್ಗ್ಯುಸನ್ ಫೈಟು 2015ರಿಂದ 2020ರವರೆಗೆ ಐದು ಸಲ ಗೊತ್ತಾಯ್ತು, ಐದು ಸಲವೂ ನಿಂತಿತು. ಪಕ್ಕೆಲುಬು ಒಮ್ಮೆ, ಶ್ವಾಸಕೋಶ ಒಮ್ಮೆ, ತೂಕ ಇಳಿಸೋಕೆ ಹೋಗಿ ಆಸ್ಪತ್ರೆ ಒಮ್ಮೆ, ಕೊರೊನಾ ಒಮ್ಮೆ. ನಡುವೆ 2018ರಲ್ಲಿ ಒಂದು ಸಲ ಫರ್ಗ್ಯುಸನ್ ಟಿವಿ ಕೆಲಸಕ್ಕೆ ಅಂತ ಹೋದವನು ಕೇಬಲ್ ಎಡವಿ ಮಂಡಿ ಹಾಳು ಮಾಡ್ಕೊಂಡ. ಪಂಜರದಲ್ಲಿ ಯಾರು ಯಾರನ್ನೋ ಎದುರಿಸಿ ಬಂದ ಮನುಷ್ಯ ಒಂದು ವೈರ್‌ಗೆ ಸಿಕ್ಕಿ ಬಿದ್ದ. ಆ ಐದು ಫೈಟಿಗೂ ಜಗತ್ತಿನಾದ್ಯಂತ ಎಷ್ಟು ಭವಿಷ್ಯ ಹೇಳಿದರು ಅಂತೀರಿ! ಒಂದೂ ತಪ್ಪಲಿಲ್ಲ ನೋಡಿ, ಅದೇ ಅದರ ಸೊಗಸು.

ಇಷ್ಟೆಲ್ಲ ನೋಡಿ ಬೇಜಾರಾಗಿ ಒಬ್ಬ ನಿಜವಾದ ಜಟ್ಟಿಯನ್ನೇ ಕೇಳೋಣ ಅನಿಸಿತು. ನಮ್ಮ ಊರಿಗೆ ಕುಸ್ತಿ ಹೊಸದೇನಲ್ಲ. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆಯಲ್ಲಿ ಬಯಲು ಕುಸ್ತಿಗೆ ಜನ ಹೇಗೆ ಸೇರ್ತಾರೆ ಅಂತ ನೋಡಿದವರಿಗೆ ಗೊತ್ತು. ಹಳೇ ಊರಲ್ಲಿ ಒಬ್ಬರು ವಸ್ತಾದಜ್ಜ ಇದ್ದಾರೆ. ಕಿವಿ ಎರಡೂ ಮುದುಡಿದ ಕೋಸಿನ ಎಲೆ ಹಾಗೆ ಇದೆ. ಜಗಲಿ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಫೋನಲ್ಲಿ ಇಬ್ಬರ ವಿಡಿಯೋನೂ ತೋರಿಸಿದೆ. ಈಗ ಏನೋ ದೊಡ್ಡ ಮಾತು ಹೇಳ್ತಾರೆ, ಬರ್ಕೊಳ್ಳೋಣ ಅಂತ ಕಾದೆ.

"ನಮ್ಮ ಕಾಲದಾಗೆ ನಾನೂ ಹೇಳ್ತಿದ್ದೆ ಕಣಪ್ಪ, ಹಳ್ಳಿ ಜಾತ್ರ್ಯಾಗೆ. ಒಂದೂ ತಪ್ತಿರಲಿಲ್ಲ" ಅಂದರು.

"ಹೆಂಗಜ್ಜ?"

"ಹಿಂದಿನ್ ರಾತ್ರಿ ಇಬ್ರೂ ನಮ್ಮನ್ಯಾಗೇ ಉಣ್ತಿದ್ರು."

ಎಲೆ ಮಡಚಿ ಬಾಯಿಗಿಟ್ಟುಕೊಂಡರು. ಅಲ್ಲಿಗೆ ಸಂದರ್ಶನ ಮುಗೀತು.

ಈಗ ಬಾಜಿ ವಿಷಯಕ್ಕೆ ಬರ್ತೀನಿ. ಗಲ್ಲಾದಲ್ಲಿ ಕೂರೋ ಅಕ್ಕನ ಹತ್ತಿರ ಹಾಲಿನ ಲೆಕ್ಕದ ಪುಸ್ತಕ ಇದೆ. ಅದರ ಕೊನೆ ಪುಟದಲ್ಲಿ ಗಡ್ಡ ಅಂತ ಒಂದು ಸಾಲು, ಹಚ್ಚೆ ಅಂತ ಒಂದು ಸಾಲು. ನಿನ್ನೆವರೆಗೆ ಗಡ್ಡಕ್ಕೆ ಹನ್ನೊಂದು ದೋಸೆ, ಹಚ್ಚೆಗೆ ಒಂಬತ್ತು. ಸೋತವರು ಗೆದ್ದವರಿಗೆ ಕೊಡಿಸಬೇಕು. ಆ ಹನ್ನೊಂದರಲ್ಲಿ ಮೂರು ಬೆಣ್ಣೆ ಖಾಲಿ ದೋಸೆ ನಂದು. ಹೌದು, ನಾನೂ ಕಟ್ಟಿದ್ದೀನಿ. ಗಡ್ಡದೋನು ಎರಡನೇ ರೌಂಡಿನಲ್ಲಿ ಕತ್ತು ಹಿಡೀತಾನೆ, ನನಗೆ ಒಳಗಿಂದ ಅನಿಸ್ತಾ ಇದೆ, ಇದು ಮಾತ್ರ ಬೇರೆಯವರು ಹೇಳೋ ತರದ್ದಲ್ಲ.

ಇವತ್ತು ಬೆಳಗ್ಗೆ ಮೊಬೈಲ್ ಹುಡುಗ ಹೊಸ ಫೋಟೋ ತಂದ. ಇಬ್ಬರೂ ಎದುರುಬದುರು ನಿಂತು ಗುರಾಯಿಸ್ತಾ ಇದ್ದಾರೆ. ಗಡ್ಡದೋನು ಗಡ್ಡ ಬೋಳಿಸಿಕೊಂಡು ಬಂದಿದ್ದಾನೆ. ಹಚ್ಚೆಯೋನು ತುಂಬು ತೋಳಿನ ಅಂಗಿ ಹಾಕಿಕೊಂಡು, ಎದೆವರೆಗೆ ಗಡ್ಡ ಬಿಟ್ಟಿದ್ದಾನೆ.

ಟೇಬಲ್ಲಿಗೆ ಎರಡು ನಿಮಿಷ ಮಾತೇ ಬರಲಿಲ್ಲ. ಆಮೇಲೆ ಸಾವ್ಕಾರ್ರು, ತಾವು ಕಟ್ಟಿದ್ದು ಗಡ್ಡಕ್ಕೇ ಹೊರತು ಮನುಷ್ಯನಿಗಲ್ಲ, ಗಡ್ಡ ಎಲ್ಲಿದೆಯೋ ಅಲ್ಲೇ ತಮ್ಮ ದೋಸೆ ಅಂತ ವಾದ ಹೂಡಿದರು. ಮೇಷ್ಟ್ರು ಪುಸ್ತಕದಲ್ಲಿ ಏನು ಬರೆದಿದೆ ಅದೇ ಅಂತಿಮ ಅಂದರು. ಜಿಮ್ ಸರ್ ಗಡ್ಡದ ತೂಕ ಎಷ್ಟು ಗ್ರಾಂ ಇರಬಹುದು ಅಂತ ಫೋನಲ್ಲಿ ಹುಡುಕ್ತಾ ಇದ್ದರು. ನಾನು ಮೆಲ್ಲಗೆ ಗಲ್ಲಾ ಹತ್ತಿರ ಹೋಗಿ, "ಅಕ್ಕಾ, ನನ್ನ ಮೂರು ದೋಸೆ ಸದ್ಯಕ್ಕೆ ಎರಡು ಸಾಲಿನ ಮಧ್ಯ ಬರೀತೀರಾ" ಅಂತ ಕೇಳಿದೆ.

ಅಕ್ಕ ಪುಸ್ತಕ ಮುಚ್ಚಿ ಗಲ್ಲಾದ ಕೆಳಗೆ ಇಟ್ಟರು. "ಮೊದಲು ಹೋದ ಭಾನುವಾರದ್ದು ಕೊಡ್ರಿ" ಅಂದರು.